ದಿನಕ್ಕೊಂದು ಮಿಲಿಮೀಟರ್

ಮೂರೂವರೆಗೆ ತಲೆದೀಪ ಕಟ್ಟಿ ಹೊರಟಿದ್ದೆ,
ಮುಳ್ಳೇರಿಯದಾಚೆಯ ಗುಡ್ಡೆಗೆ, ಮುನ್ನೂರು ಮರದ ಪಾಲಿಗೆ.
ಹನ್ನೆರಡನೇ ಮರದ ಬುಡದಲ್ಲಿ ತಂತಿ.
ಕೋವಿ ಹೂಡಿದ್ದು ಹಂದಿಯ ಎದೆಯ ಎತ್ತರಕ್ಕೆ,
ನಾನಿದ್ದದ್ದು ಒಂದು ತಟ್ಟು ಕೆಳಗೆ;
ಹಾಗಾಗಿ ಸೊಂಟದ ಕೀಲು.

ಮೊದಲು ಬಂದದ್ದು, ಈ ಕಾಲು ಯಾರದು ಎನ್ನುವ ಸಂಶಯ.
ಗೆರಟೆ ಉರುಳಿ ರಬ್ಬರಿನ ಹಾಲು ಕೆನ್ನೆಗೆ ತಾಗಿತು,
ತಣ್ಣಗೆ.

ಮಲಯಾಳದಲ್ಲಿ ಬೈಯುತ್ತಿದ್ದ ಆಂಬುಲೆನ್ಸಿನವ
ತಲಪಾಡಿ ದಾಟಿದ ಮೇಲೆ ತುಳುವಿನಲ್ಲಿ ಬೈದ.
ಮಂಗಳೂರಿನ ಎಕ್ಸ್‌ರೇಯಲ್ಲಿ ನನ್ನ ಸೊಂಟ
ಒಡೆದ ಬಟ್ಟಲು, ಸುತ್ತ ಬಿಳಿಯ ಚರೆ.
ಎಣಿಸಿದರು: ಹದಿನೇಳು.
"ಮಾಂಸದಲ್ಲಿರುವುದು ಇರಲಿ," ಎಂದರು ಡಾಕ್ಟರಮ್ಮ,
"ಕೀಲಿನೊಳಗಿನ ಮೂರನ್ನು ಬಿಡುವ ಹಾಗಿಲ್ಲ.
ಅಲ್ಲಿಯ ನೀರಿನಲ್ಲಿ ಸೀಸ ಕರಗುತ್ತದೆ,
ಕರಗಿ ರಕ್ತಕ್ಕೆ ಇಳಿಯುತ್ತದೆ."
ಮೂರು ತೆಗೆದರು. ಗಾಯ ತೊಳೆದು, ಹೊಲಿಯದೆ ಬಿಟ್ಟು,
ಮತ್ತೆ ತೊಳೆದರು.
ಹದಿನಾಲ್ಕು ನನ್ನಲ್ಲೇ ಉಳಿದವು, ಬಾಡಿಗೆಯಿಲ್ಲದೆ.

ನರ ತುಂಡಾಗಿರಲಿಲ್ಲ.
ಹೆಬ್ಬೆರಳಿನಷ್ಟು ದಪ್ಪವಂತೆ ಅದು. ಜಜ್ಜಿತ್ತು, ಅಷ್ಟೆ.
ಆ 'ಅಷ್ಟೆ' ಎಷ್ಟು ಉದ್ದ ಎಂದು ಕೇಳಿದೆ.
"ದಿನಕ್ಕೊಂದು ಮಿಲಿಮೀಟರ್. ಸೊಂಟದಿಂದ ಪಾದಕ್ಕೆ.
ಚಿಗುರಿದರೆ."
ಕಮಲಾಕ್ಷಿ ಬೆರಳಲ್ಲಿ ಲೆಕ್ಕ ಹಾಕಿ ಸುಮ್ಮನಾದಳು.
ನನಗೆ ಮಿಲಿಮೀಟರು ಗೊತ್ತು.
ಇಪ್ಪತ್ತೆರಡು ವರ್ಷ ಕತ್ತಿಯ ಮೊನೆಯಲ್ಲಿ
ಮರದ ಸಿಪ್ಪೆ ಕೆತ್ತಿದ್ದು ಅಷ್ಟೇ ಅಷ್ಟು:
ಹೆಚ್ಚಾದರೆ ಮರಕ್ಕೆ ಹುಣ್ಣು, ಕಮ್ಮಿಯಾದರೆ ಹಾಲಿಲ್ಲ.

ಪಾದ ಏಳುವುದಿಲ್ಲ.
ಚಪ್ಪಲಿ ಅಂಗಳದಲ್ಲೇ ಕಳಚಿದ್ದು
ಒಳಗೆ ಬಂದ ಮೇಲೆ ಗೊತ್ತಾಗುತ್ತದೆ, ಅದೂ ಕಣ್ಣಿಗೆ.
ರಾತ್ರಿ ಮಾತ್ರ ಆ ಇಲ್ಲದ ಪಾದಕ್ಕೆ
ಬೆಂಕಿ ಬೀಳುತ್ತದೆ.

ಕೋವಿ ಕಟ್ಟಿದ ಕುಞ್ಞಂಬು ಮಣಿಯಾಣಿ ಜಾಮೀನಿನಲ್ಲಿದ್ದಾನೆ.
ಆದೂರು ಠಾಣೆಯಲ್ಲಿ ಸಹಿ ಹಾಕಿ
ಇಲ್ಲಿಗೂ ಬರುತ್ತಾನೆ, ಇಲ್ಲೂ ಸಹಿ ಹಾಕಲಿಕ್ಕಿರುವವನ ಹಾಗೆ.
ಒಂದು ಚಿಪ್ಪು ಬಾಳೆ ಜಗಲಿಯಲ್ಲಿಡುತ್ತಾನೆ.
ದನ ತಿನ್ನುತ್ತದೆ.

ವರ್ಷ ತುಂಬಿದ ಭಾನುವಾರ ಕಮಲಾಕ್ಷಿ ಮನೆಯಲ್ಲಿರಲಿಲ್ಲ.
ಬಗ್ಗದ ಸೊಂಟ; ತೊಡೆಯ ಹಿಂದಕ್ಕೆ ನನ್ನ ಕೈ ಎಟುಕದು.
"ಬಾ," ಎಂದೆ, "ಬೆರಳಿನಿಂದ ತಟ್ಟುತ್ತಾ ಇಳಿ.
ಎಲ್ಲಿ ಜುಮ್ಮೆನ್ನುತ್ತದೋ ಅಲ್ಲಿವರೆಗೆ ನರ ಬಂದಿದೆ ಅಂತ ಲೆಕ್ಕ."
ತಟ್ಟಿದ. ತಂತಿ ಬಿಗಿದ ಬೆರಳು
ಸಣ್ಣಗೆ ನಡುಗುತ್ತಿತ್ತು.
ಇಲ್ಲಿ? ಇಲ್ಲ. ಇಲ್ಲಿ? ಇನ್ನೂ ಕೆಳಗೆ.
ಮಂಡಿಗಿಂತ ನಾಲ್ಕು ಬೆರಳು ಮೇಲೆ
ಇರುವೆಯ ಸಾಲೊಂದು ಪಾದದ ಕಡೆಗೆ ಓಡಿತು.

ಅವನಿಗೆ ಹೇಳಲಿಲ್ಲ.
ಇನ್ನೊಮ್ಮೆ ತಟ್ಟು, ಎಂದೆ.