ಮೂರು ಹೆಜ್ಜೆ ಅಗಲ

ಪೇಪರಿನಲ್ಲಿ ಬಂದ ಲೆಕ್ಕ ಸರಿಯಾಗಿಯೇ ಇದೆ, ಸೈನು:
ದೇಶಕ್ಕಾಗಿ ಮೂವತ್ತೊಂದು ಪಂದ್ಯ, ಒಂಬತ್ತು ಗೋಲು,
ಅದರಲ್ಲೊಂದು ಪೆನಾಲ್ಟಿ.
ಕೊಯಿಪಾಡಿ ಕಡಪ್ಪುರದ ಹೊಯಿಗೆಯಲ್ಲಿ
ನನ್ನನ್ನು ದಾಟಿ ಹೋದವನ್ನು ಯಾರೂ ಎಣಿಸಿಲ್ಲ.
ನಾನು ಎಣಿಸಿದ್ದೆ, ಸಾವಿರದವರೆಗೆ.
ಆಮೇಲೆ ಚೆಂಡು ತರಲು ನೀರಿಗಿಳಿಯುವುದೇ
ಕೆಲಸವಾಯಿತು.

ಹೆಸರು ವಾಮನ, ಎತ್ತರವೂ ಹೆಸರಿಗೆ ತಕ್ಕ ಹಾಗೆ.
ಅದಕ್ಕೇ ಅಲ್ಲವೆ ನನ್ನಿಂದಲೇ ಗೋಲು ಅಳೆಸುತ್ತಿದ್ದದ್ದು:
ಎಡಗಡೆ ನಿನ್ನ ಚಪ್ಪಲಿ
ಬಲಗಡೆ ಪದ್ಮರಾಜನ ಬುತ್ತಿ ಡಬ್ಬಿ
ನಡುವೆ ನನ್ನ ಮೂರು ಹೆಜ್ಜೆ.
"ಮೂರು ಹೆಜ್ಜೆಗೆ ಲೋಕ ಮುಗಿಸಿದವನೇ,
ಒಂದು ಚೆಂಡು ತಡೆಯಲಾರೆಯಾ?"
ಕನ್ನಡ ಪಂಡಿತರು ಸೈಕಲ್ ನಿಲ್ಲಿಸಿ ಕೇಳಿದರು.
ನಾನು ಅವರ ಕಡೆ ನೋಡಿದೆ.
ಅಷ್ಟರಲ್ಲಿ ನೀನು ಇನ್ನೊಂದು ಹಾಕಿದ್ದೆ.

ಚೆಂಡು ಕೇಳುವಾಗ ನಮಗೆ ಮೂರು ನಾಲಗೆ:
ತಾ ಡಾ, ಕೊರ್ಲ, ಇತ್ತ ಕೊಡು ಮಾರಾಯ.
ನೀನು ಯಾವುದಕ್ಕೂ ಕೊಟ್ಟವನಲ್ಲ.
ಮುಂದೆ ಆಡುವವನಿಗೆ ಕಿವಿ ಇರಬಾರದೆಂದು
ಯಾರು ಹೇಳಿಕೊಟ್ಟರು ನಿನಗೆ?

ಉಪ್ಪಳದ ಸೆವೆನ್ಸಿಗೆ ನಿನಗೆ ಹದಿನಾರು.
ಜನರೇಟರಿನ ಗದ್ದಲ, ಕಿರುಗುಟ್ಟುವ ಮರದ ಗ್ಯಾಲರಿ,
ಎದುರಿಗೆ ಘಾನಾದಿಂದ ಬಂದ ಬ್ಯಾಕು,
ಬಾಗಿಲಿಗೆ ಅಡ್ಡ ಇಟ್ಟ ಕಪಾಟಿನಂಥವನು.
ಅವನ ಕಾಲ ಸಂದಿಯಲ್ಲಿ ಚೆಂಡು ತೂರಿಸಿ
ನೀನು ಆಚೆಯಿಂದ ಸುತ್ತಿ ಬಂದೆ.
ಅವನೇ ಮೊದಲು ಚಪ್ಪಾಳೆ ತಟ್ಟಿದ.
ಮುನ್ನೂರು ರೂಪಾಯಿ, ಎರಡು ಪೊರೋಟ.
ಪೊರೋಟದಲ್ಲಿ ಅರ್ಧ ನನಗೆ.
ಇದೂ ಪೇಪರಿನಲ್ಲಿ ಇಲ್ಲ.

ನೀನು ಕೋಲ್ಕತ್ತಕ್ಕೆ ಹೋದೆ, ನನಗೆ ರೈಲ್ವೆ ಸಿಕ್ಕಿತು.
ಗೋಲು ಕಾಯುವವನು ಗೇಟು ಕಾಯುವವನಾದ ಅಂತ
ಕುಂಬಳೆಯ ಪೇಟೆ ಪೂರಾ ನಗಾಡಿತು.
ನಗಲಿ. ಹನ್ನೊಂದು ವರ್ಷ,
ಇಲ್ಲಿ ನನ್ನನ್ನು ಒಂದೂ ತಪ್ಪಿ ದಾಟಿಲ್ಲ.

ಆ ಮಸ್ಕತ್ತಿನ ರಾತ್ರಿ
ಗೇಟಿನ ಗೂಡಿನಲ್ಲಿ ಅಂಗೈಯಗಲದ ಪರದೆ.
ಎಪ್ಪತ್ತೆಂಟನೇ ನಿಮಿಷ, ನೀನು ಎಡಕ್ಕೆ ವಾಲಿದೆ,
ಗೋಡೆಯ ಫೋನು ಹೊಡೆದುಕೊಂಡಿತು: ಗೂಡ್ಸು.
ಎದ್ದೆ. ಗೇಟು ಇಳಿಸಿದೆ. ಹಸಿರು ದೀಪ ಹಿಡಿದೆ.
ನಲವತ್ತೆರಡು ವ್ಯಾಗನ್ನು ದಾಟುವ ಹೊತ್ತಿಗೆ
ಕೊಲ್ಲಿಯಿಂದ ಕೊಯಿಪಾಡಿವರೆಗೆ ಎಲ್ಲರೂ ನೋಡಿದ್ದರು,
ನಾನೊಬ್ಬನನ್ನು ಬಿಟ್ಟು.

ನೋಡುವುದಕ್ಕೇನಿತ್ತು?
ಎಡಕ್ಕೆ ತೋರಿಸುವುದು, ಅರೆಗಳಿಗೆ ನಿಲ್ಲುವುದು,
ಬುತ್ತಿ ಡಬ್ಬಿಯ ಒಳಮೈ ಸವರಿ ಬಲಮೂಲೆಗೆ.
ಆ ಪಾಪದ ಮಸ್ಕತ್ತಿನವನಿಗೆ ಗೊತ್ತಿರಲಿಲ್ಲ.
ಗೊತ್ತಿದ್ದ ನಾನು ತಡೆದದ್ದೆಷ್ಟು?

ಆಮೇಲೆ ಮೊಣಕಾಲು.
ಎಂಬತ್ತೈದನೇ ನಿಮಿಷಕ್ಕೆ ಇಳಿಸುವ ಆಟಗಾರನಾದೆ,
ಮತ್ತೆ ಬರೀ ಬೆಂಚಿನಲ್ಲಿ ನೀರು ಕುಡಿಯುವವನು,
ಮತ್ತೆ ಪಟ್ಟಿಯಲ್ಲಿ ನಿನ್ನ ಹೆಸರಿದ್ದ ಜಾಗದಲ್ಲಿ
ಒಬ್ಬ ಮಣಿಪುರದ ಹುಡುಗ. ಚೆನ್ನಾಗಿ ಆಡುತ್ತಾನೆ.
ಅವನೂ ಯಾರಿಗೂ ಕೊಡುವುದಿಲ್ಲ.

ನಿನ್ನೆ ರಾತ್ರಿ ಗೇಟು ಬಿದ್ದಿತ್ತು.
ಹಾರನ್ ಹಾಕದ ಒಂದೇ ಸ್ಕೂಟರು ನಿನ್ನದು.
ಮೆಟ್ಟಿಲ ಮೇಲೆ ಒಂದು ಕಾಲು ಚಾಚಿಯೇ ಕುಳಿತೆ.
"ಒಂದಾದರೂ ತಡೆದಿದ್ದೆಯಾ ನನ್ನದು?"
"ಒಂದು. ಆಟಿಯ ತಿಂಗಳು, ಚೆಂಡು ನೆನೆದು
ಮಣ್ಣಿನ ಮುದ್ದೆಯಾಗಿತ್ತು."
"ಅದಾ? ಅದು ಗೆರೆ ದಾಟಿತ್ತು."
"ಗೆರೆ ಎಲ್ಲಿತ್ತು ಮಾರಾಯ?"

ಈ ಊರಿನ ಗೆರೆಗಳನ್ನೆಲ್ಲ ಎಳೆದವರು ಬೇರೆಯವರು.
ನಾವು ಎಳೆದ ಒಂದೇ ಒಂದನ್ನು
ದಿನಾ ಸಂಜೆ ತೆರೆ ಬಂದು ನೆಕ್ಕುತ್ತಿತ್ತು.

"ದಾಟಿತ್ತು" ಅಂದೆ ನೀನು.
"ಇಲ್ಲ" ಅಂದೆ ನಾನು.
ಮೈಲು ಬಂತು, ನಮ್ಮ ಮಾತಿನ ಮೇಲೆ ಹಾದುಹೋಯಿತು.
ಗೇಟೆತ್ತಿದೆ. ಆಚೆ ಈಚೆಯ ಗಾಡಿಗಳೆಲ್ಲ ಹೊರಟವು.
ನೀನು ಹೊರಡಲಿಲ್ಲ.
"ದಾಟಿತ್ತು, ವಾಮನ."