ಕಾಲುದಾರಿಗೆ ಒಂದೇ ಸಾಲು

ನಕಾಶೆಯಲ್ಲಿ ಬಂಡಿದಾರಿಗೆ ಚುಕ್ಕೆ ಎರಡು ಸಾಲು,
ಕಾಲುದಾರಿಗೆ ಒಂದೇ.
ಹಾಗಂತ ಹೇಳಿಕೊಟ್ಟವಳು ಸರ್ವೆಯರ್ ನಸ್ರೀನ್,
ಜೀಪಿನ ಬಾನೆಟ್ಟಿನ ಮೇಲೆ ಬಟ್ಟೆ ಅಂಟಿಸಿದ ಹಳೇ ಹಾಳೆ ಹಾಸಿ
ಮೂಲೆಗೊಂದು ಕಲ್ಲಿಟ್ಟು.
ಬುಡ್ಡೇಕಲ್ಲಹಟ್ಟಿಯಿಂದ ಹೊರಟ ಚುಕ್ಕೆಗಳು
ಹಳ್ಳ ದಾಟಿ, ಬನ್ನಿಮರ ಬಳಸಿ,
ಎಪ್ಪತ್ತೊಂಬತ್ತನೇ ನಂಬರಿನ ಬದುವಿಗೆ ಬಂದು
ಮಡಿಕೆಯೊಳಗೆ ಬಿದ್ದು ಸತ್ತವು.
ಅಲ್ಲಿ ಹಾಳೆಯೇ ಇಲ್ಲ.
ಎಷ್ಟು ಸಾಹೇಬರು ಬಿಚ್ಚಿ ಎಷ್ಟು ಸಾಹೇಬರು ಮಡಿಸಿದರೋ,
ನಾವು ನಡೆದು ನೆಲ ಸವೆಸಿದ ಹಾಗೆ
ಅವರು ಮಡಿಸಿ ಕಾಗದ ಸವೆಸಿದ್ದರು.

"ನೋಡಿ ಮತ್ತೆ" ಅಂದರು ರುದ್ರಮುನಿಯಪ್ಪ,
ಪಂಚೆಯ ಚುಂಗು ಹಿಡಿದು. "ಎಲ್ಲೈತೆ ದಾರಿ?"

ಮುಂಗಾರಿಗೆ ಮೊದಲೇ ಎದ್ದಿತ್ತು ಬೇಲಿ,
ಕಲ್ಲುಕಂಬ, ಐದೆಳೆ ಮುಳ್ಳುತಂತಿ.
ದಾರಿಯನ್ನೂ ಸೇರಿಸಿ ಟ್ರ್ಯಾಕ್ಟರು ಹೊಡೆಸಿ
ಶೇಂಗಾ ಬಿತ್ತಿಸಿದ್ದರು.
ಅಂದಿನಿಂದ ಚಳ್ಳಕೆರೆಯ ಎಣ್ಣೆಮಿಲ್ಲಿಗೆ ಹೋಗುವ
ನಾವು ಏಳು ಹೆಂಗಸರು ಗೋಮಾಳ ಸುತ್ತಿ ಮೂರು ಮೈಲಿ.
ಆರೂವರೆ ಬಸ್ಸು ತಪ್ಪಿದರೆ ಅರ್ಧ ಕೂಲಿ.
ಹೈಸ್ಕೂಲಿನ ಜುಂಜಮ್ಮ ತಂತಿ ನುಸುಳಲು ಹೋಗಿ
ಲಂಗ ಹರಿದುಕೊಂಡು ಬಂದಳು;
ಹೊಲಿಗೆ ಬಿದ್ದದ್ದು ಲಂಗಕ್ಕೊಂದೇ ಅಲ್ಲ.

ತಹಸೀಲ್ದಾರರು ಕೇಳಿದರು: ಎಷ್ಟು ವರ್ಷದಿಂದ ನಡೀತೀರಿ?
ನಮ್ಮತ್ತೆ ತಿಪ್ಪಕ್ಕ ಲೆಕ್ಕ ಬಾರದವಳು,
"ಈ ಕಾಲು ಬಂದಾಗಿಂದ" ಅಂದಳು.
ಗುಮಾಸ್ತ ಬರೆದುಕೊಳ್ಳಲಿಲ್ಲ.
ಎಷ್ಟು ಅಗಲ?
ತಲೆಮೇಲೆ ಇಲ್ಲದ ಹುಲ್ಲುಹೊರೆಯನ್ನು ಎರಡೂ ಕೈಲಿ ಹಿಡಿದು
"ನಾನು ಹೊರೆ ಹೊತ್ತು ಬರ್ತೀನಿ ಸ್ವಾಮಿ,
ಎದುರಿಗೆ ಬಸುರಿ ಬಂದ್ರೆ
ಎಷ್ಟು ಸರೀಬೇಕೋ ಅಷ್ಟು."
ನಸ್ರೀನ್ ಟೇಪು ಬಿಡಿಸಿ ಅದನ್ನೂ ಅಳೆದಳು:
ಐದೂಮುಕ್ಕಾಲು ಅಡಿ.

ಆಮೇಲೆ ಬದುವಿನ ಮೇಲೆ ನಿಂತೆವು.
ಭಾದ್ರಪದದ ಓರೆ ಬಿಸಿಲು.
ಮೊದಲು ಕಂಡದ್ದು ಕಾವಲಿನ ಪಾಲಯ್ಯನಿಗೆ,
ಪಾಪ, ಬಾಯಿ ಮುಚ್ಚಿಕೊಂಡ;
ಅವನ ಕಣ್ಣು ಹೋದ ಕಡೆ ನಾನೂ ನೋಡಿದೆ.

ಮೊಳದೆತ್ತರ ಹಸಿರಿನ ನಡುವೆ
ಗೇಣೂ ಏಳದೆ ಹಳದಿ ತಿರುಗಿದ ಒಂದು ಸಾಲು.
ಕೂರಿಗೆಯ ಸಾಲುಗಳು ದಾರ ಹಿಡಿದಂತೆ ನೆಟ್ಟಗಿದ್ದವು.
ಇದು ಬನ್ನಿಮರದ ನೆರಳಿಗೆ ಓಲಿ,
ಬಂಡೆ ಕಂಡಲ್ಲಿ ಹೊರಳಿ,
ಮಾತಾಡುತ್ತ ಹೋಗುವವರಂತೆ ಹೋಗುತ್ತಿತ್ತು.

ಇಪ್ಪತ್ತು ವರ್ಷ ಶೇಂಗಾ ಹಸನು ಮಾಡಿದ ಬೆರಳು ನನ್ನವು.
ಬಗ್ಗಿ ಒಂದು ಗಿಡ ಕಿತ್ತೆ. ಬರಲಿಲ್ಲ, ತುಂಡಾಯಿತು.
ಇನ್ನೊಂದು ಕಿತ್ತೆ: ಬೇರು ಇಳಿಯದೆ ಅಡ್ಡ ಹಬ್ಬಿತ್ತು, ಚಾಪೆಯ ಹಾಗೆ.
ಕಾಯಾಗಬೇಕಿದ್ದ ಹೂವಿನ ಸೂಜಿಗಳು
ನೆಲ ಕುಟ್ಟಿ ಕುಟ್ಟಿ ಮೊಂಡಾಗಿ ಕಪ್ಪಾಗಿದ್ದವು.
ಟ್ರ್ಯಾಕ್ಟರು ಗೀರಿದ್ದು ಮೇಲಿನ ಗೇಣು ಮಾತ್ರ.
ಅದರ ಕೆಳಗೆ ನಾವಿದ್ದೆವು, ಹದವಾಗಿ ತುಳಿದು ಕೂರಿಸಿದ ನಾವು,
ಟೈರಿನ ಮೆಟ್ಟಿನವರು, ಹೆಣ ಹೊತ್ತವರು,
ರುದ್ರಮುನಿಯಪ್ಪನವರ ತಾಯಿ ಕೂಡ,
ಮಜ್ಜಿಗೆ ತಪ್ಪಲೆ ತುಳುಕದಂತೆ ಹಿಡಿದು.

ಅವರಿಗೂ ಹೊಳೆಯಿತೋ ಏನೋ.
ಒಂದು ಜೊಳ್ಳು ಕಾಯಿ ಒಡೆದು ನೋಡಿ ಎಸೆದು
"ಗೊಬ್ಬರ ಸಾಲ್ದು" ಅಂದರು.

ನಸ್ರೀನ್ ಚೈನು ಹಾಸಿದಳು, ಹಳದಿಯ ಗುಂಟ.
ಹರಿದ ಮಡಿಕೆಯ ಈ ದಡದ ಚುಕ್ಕೆ
ಆ ದಡದ ಚುಕ್ಕೆಯನ್ನು ಹೋಗಿ ಮುಟ್ಟಿತು.
ನಾವು ಯಾರೂ ಕೇಕೆ ಹಾಕಲಿಲ್ಲ.
ಬಸ್ಸು ಆಗಲೇ ಹೋಗಿಬಿಟ್ಟಿತ್ತು.

ಆದೇಶ ಇನ್ನೂ ಬಂದಿಲ್ಲ. ವಾಯಿದೆ ಮೇಲೆ ವಾಯಿದೆ.
ಬೇಲಿಯಲ್ಲಿ ಎರಡೆಳೆ ಮಾತ್ರ ಸಡಿಲಾಗಿದೆ,
ಯಾರ ಕೆಲಸವೋ ಪಾಲಯ್ಯನಿಗೆ ಗೊತ್ತಿಲ್ಲವಂತೆ.
ನಸುಕಿನಲ್ಲಿ ಏಳು ಜನ ಸೆರಗು ಬಿಗಿದು
ಒಬ್ಬರ ಹಿಂದೊಬ್ಬರು ನುಸುಳುತ್ತೇವೆ,
ಹಳದಿ ಸಾಲಿನ ಮೇಲೇ ಹೆಜ್ಜೆಯಿಟ್ಟು,
ಅಕ್ಕಪಕ್ಕದ ಒಳ್ಳೇ ಗಿಡ ತುಳಿಯದೆ.
ಅವು ಅವರವು.