ನಾಲ್ಕು ಗಂಟೆಯವರು

ಹನ್ನೊಂದು ವರ್ಷದಿಂದ ಈ ಹೋಟೆಲಿನ
ರಾತ್ರಿ ಪಾಳಿ ನನ್ನದು.
ಯಾವ ಸಮ್ಮೇಳನದವರು ಎಂಥವರೆಂದು
ಬೀಗದ ಕೈ ಕೊಡುವಾಗಲೇ ಹೇಳಬಲ್ಲೆ.
ಹಲ್ಲಿನ ಡಾಕ್ಟರುಗಳು ಬೇಗ ಮಲಗುತ್ತಾರೆ.
ಬೀಜದ ವ್ಯಾಪಾರಿಗಳು ಬಾರು ಮುಚ್ಚಿದ ಮೇಲೂ
ಲಿಫ್ಟಿನೊಳಗೆ ಕೂತು ಹಾಡುತ್ತಾರೆ.
ಫೆಬ್ರವರಿಗೊಮ್ಮೆ ಬರುವ ಶಾಲಾ ಆಡಳಿತಗಾರರು ಮಾತ್ರ
ನಾಲ್ಕು ಹೊಡೆಯುತ್ತಲೇ ಎದ್ದುಬಿಡುತ್ತಾರೆ,
ಯಾರೂ ಎಬ್ಬಿಸದೆ.

ನಾರ್ತ್ ಡಕೋಟಾದ ಚಳಿ ಕಲಿಸಿದ ಚಾಳಿ.
ಹಿಮ ಬಿದ್ದ ದಿನ ಬಸ್ಸು ಬಿಡಬೇಕೋ ಬೇಡವೋ
ಐದೂವರೆಯೊಳಗೆ ಹೇಳಬೇಕಾದವರು ಇವರು.
ಬಿಟ್ಟರೂ ಬೈಗುಳ. ಬಿಡದಿದ್ದರೂ.

ಹಗಲಿನ ಸಮ್ಮೇಳನ ನಾನು ಕಂಡವನಲ್ಲ,
ನನ್ನ ಪಾಲಿಗೆ ಅದರ ಉಳಿಕೆ:
ಚಾವಣಿ ಕಂಪನಿಯವರು ಹಂಚಿದ ಪೆನ್ನು,
ಬಸ್ಸು ಮಾರುವವರ ಹಳದಿ ರಬ್ಬರ್ ಬಸ್ಸು,
ಕುರ್ಚಿಯಡಿ ಬಿದ್ದ ಕಾರ್ಯಕ್ರಮದ ಹಾಳೆ.
'ಇಳಿಯುತ್ತಿರುವ ದಾಖಲಾತಿ: ಹೊಸ ಸಾಧ್ಯತೆಗಳು'
ಎಂಬ ಸಾಲಿನ ಪಕ್ಕ ಯಾರೋ
ಕೋಳಿ ಬರೆದಿದ್ದಾರೆ. ಒಂದಲ್ಲ, ಹಿಂಡು.

ನಿನ್ನೆ ರಾತ್ರಿ ಹಿಮ ಹಿಡಿಯಿತು.
ನಾಲ್ಕಕ್ಕೆ ಒಬ್ಬರು, ನಾಲ್ಕೂ ಐದಕ್ಕೆ ಆರು ಜನ,
ಪೈಜಾಮದ ಮೇಲೆ ಕೋಟು,
ಕೊರಳಲ್ಲಿ ಇನ್ನೂ ಹೆಸರಿನ ಬಿಲ್ಲೆ,
ಚಪ್ಪಲಿಯಲ್ಲಿ ಗಾಜಿನ ಬಾಗಿಲಿಗೆ ಬಂದು ನಿಂತರು.
ಡೆಲ್ಮರ್ ಶಾಟ್ಜ್ ದೀಪದ ಕಂಬ ನೋಡಿ
"ನಲವತ್ತು ಮೈಲಿ" ಅಂದ.
ಇನ್ನೊಬ್ಬ "ನಲವತ್ತೈದು" ಅಂದ.
ಆಮೇಲೆ ಒಬ್ಬೊಬ್ಬರು ಒಂದೊಂದು ಮೂಲೆಗೆ ಸರಿದು
ತಮ್ಮ ತಮ್ಮ ಊರಿಗೆ ಫೋನು ಹಚ್ಚಿದರು
ಪಕ್ಕದಲ್ಲಿ ಮಗು ಮಲಗಿರುವವರ ಹಾಗೆ
ದನಿ ತಗ್ಗಿಸಿ.

ಆರ್ಡಿಸ್ ಟ್ವೈಟ್ ನನ್ನ ಮೇಜಿನ ಬಳಿಯೇ ನಿಂತಳು.
ಬಿಲ್ಲೆಗೆ ಕೆಂಪು ಪಟ್ಟಿ: ಮೂವತ್ತು ವರ್ಷ.
"ಲಾರ್ನ್, ಫೋನನ್ನು ಬಾಗಿಲಾಚೆ ಹಿಡಿ" ಅಂದಳು.
ಹಿಡಿದಿರಬೇಕು ಆ ಜವಾನ,
ಇನ್ನೂರು ಮೈಲಿ ದೂರದ ಗಾಳಿ
ನನ್ನ ಮೇಜಿನವರೆಗೂ ಬಂತು,
ಅದರೊಳಗೆ ಬಾವುಟದ ಕಂಬಕ್ಕೆ ಹಗ್ಗ ಬಡಿಯುವ
ಟಣ್, ಟಣ್.
ಕಣ್ಣು ಮುಚ್ಚಿ ಪೂರ್ತಿ ಒಂದು ನಿಮಿಷ ಕೇಳಿದಳು.
"ವಾಯವ್ಯದ್ದು. ಮೋರಿ ತಿರುವು ಮುಚ್ಚಿಹೋಗಿರುತ್ತೆ.
ಇವತ್ತು ರಜೆ."

ಕಾಫಿ ಕೊಡುತ್ತ ಕೇಳಿದೆ: ಮಕ್ಕಳೆಷ್ಟು?
"ಎಪ್ಪತ್ತೊಂದು" ಅಂದಳು.
ಸಕ್ಕರೆ ಕಲಕಿ, "ಮೇ ಕೊನೆಯವರೆಗೆ."

ಹುಡುಗನಾಗಿದ್ದಾಗ ಇಂಥ ಬೆಳಗು
ದುಪ್ಪಟಿಯೊಳಗೆ ರೇಡಿಯೋ ಇಟ್ಟುಕೊಂಡು ಕಾಯುತ್ತಿದ್ದೆ.
ಅಕ್ಷರಕ್ರಮದಲ್ಲಿ ಶಾಲೆಗಳ ಹೆಸರು,
ವೆಲ್ಬಿ ಆದಮೇಲೆ ನಮ್ಮದು, ನಮ್ಮದಾದ ಮೇಲೆ ವಿಲ್‌ಮೋರ್.
ರಜೆ ಕೊಡುವವನು ರೇಡಿಯೋದವನೇ ಎಂದು ನಂಬಿದ್ದೆ.
ಯಾರೋ ಹೀಗೆ ಕತ್ತಲಲ್ಲಿ ನಿಂತು
ಗಾಳಿಗೆ ಕಿವಿಗೊಟ್ಟಿರುತ್ತಾರೆಂದು
ಯಾರು ಹೇಳಿದ್ದರು?
ನಮ್ಮ ಶಾಲೆಯಲ್ಲಿ ಈಗ
ಕಟಾವು ಯಂತ್ರದ ಬಿಡಿಭಾಗ ತುಂಬಿಟ್ಟಿದ್ದಾರೆ.
ರೇಡಿಯೋ ವೆಲ್ಬಿಯಿಂದ ವಿಲ್‌ಮೋರಿಗೆ
ಉಸಿರೂ ಬಿಡದೆ ದಾಟುತ್ತದೆ.
ನಾನು ಮಾತ್ರ ಅಲ್ಲಿ ಒಮ್ಮೆ ಎಡವುತ್ತೇನೆ.

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ.
ಆರೂವರೆಗೆ ಖಾಲಿ ಲೋಟ ತಂದಿಟ್ಟಳು,
ಕೂದಲು ಬಾಚಿ, ಬಿಲ್ಲೆ ನೆಟ್ಟಗೆ ಮಾಡಿಕೊಂಡು,
ಪರ್ಸಿನಿಂದ ಹಾಳೆ ತೆಗೆದು ಬಿಡಿಸಿದಳು.
ಅಂಚಿನ ತುಂಬ ಕೋಳಿಗಳು.

"ಒಂಬತ್ತಕ್ಕೆ ಸೋರುವ ಚಾವಣಿಯ ಗೋಷ್ಠಿ," ಕೇಳಿದಳು,
"ಯಾವ ಹಾಲಿನಲ್ಲಿ?"